ತಿಕೋಟಾದ ಆಡು ತಿಂದ ಪಗಡಿ

ವಿಜಯಪುರ

ನನ್ನನ್ನು ಇಂಗ್ಲೆಂಡಿಗೆ ಕರೆಸಿಕೊಂಡದ್ದು ಒಂದು ಆಡು. ವೀಸಾ ಅರ್ಜಿಯಲ್ಲಿ ಹಾಗೆ ಬರೆಯಲಿಲ್ಲ, ಅಷ್ಟೇ.

ನಾನು ಬಬಲೇಶ್ವರದ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವಳು. ಮನೆ ವಿಜಯಪುರದಲ್ಲಿ, ತವರು ತಿಕೋಟಾ. ದಿನಾ ಬಸ್ಸಿನಲ್ಲಿ ಹೋಗಿ ಬರುವಾಗ ಗೀಚಿಕೊಂಡ ಚಿತ್ರಗಳು ಸೇರಿ ಒಂದು ಪುಟ್ಟ ಪುಸ್ತಕವಾದವು. ಹೆಸರು ‘ಮಣೂಕದ ಲಾರಿ’. ಮಣೂಕ ಎಂದರೆ ನಮ್ಮ ಕಡೆ ಒಣದ್ರಾಕ್ಷಿ. ಪಂಜಾಬಿನಿಂದ ಒಂದು ಲಾರಿ ತಿಕೋಟಾಕ್ಕೆ ಮಣೂಕ ತುಂಬಲು ಬರುತ್ತದೆ. ಡ್ರೈವರ್ ಕಾಕಾ ದಪ್ಪ ಗಡ್ಡದ ಸರದಾರ. ನಮ್ಮೂರಿನ ಒಂದು ಆಡು ಲಾರಿ ಹತ್ತಿ ಡಬ್ಬಿ ಡಬ್ಬಿಯೇ ಖಾಲಿ ಮಾಡುತ್ತದೆ. ಕಾಕಾ ಅದರ ಬೆನ್ನು ಹತ್ತಿ ಊರೆಲ್ಲ ಓಡುತ್ತಾನೆ. ಕೊನೆಯ ಪುಟದಲ್ಲಿ ದಣಿದ ಕಾಕಾ ಬೇವಿನ ಮರದ ಕೆಳಗೆ ಮಲಗಿದ್ದಾನೆ. ಪಗಡಿ ಗೂಟಕ್ಕೆ ತೂಗುತ್ತಿದೆ. ಬೋಳು ತಲೆ ಬೆಳದಿಂಗಳಿಗೆ ಮಿರಮಿರ ಮಿಂಚುತ್ತಿದೆ. ಆಡು ಕಳ್ಳಹೆಜ್ಜೆಯಲ್ಲಿ ಬಂದು ಪಗಡಿಯ ತುದಿ ಜಗಿಯುತ್ತಿದೆ.

ಈ ಕೊನೆಯ ಪುಟ ನನ್ನ ಹೆಮ್ಮೆ. ಸಾರವಾಡದ ಒಂದು ಕನ್ನಡ ಶಾಲೆಯಲ್ಲಿ ಒಂದನೆಯ ಇಯತ್ತೆಯ ಮಕ್ಕಳಿಗೆ ಓದಿದಾಗ ಒಬ್ಬಳು ನಕ್ಕು ನಕ್ಕು ಬೆಂಚಿನಿಂದ ಜಾರಿ ಕೆಳಗೆ ಬಿದ್ದಳು. ಇನ್ನೇನು ಬೇಕು ಚಿತ್ರ ಬರೆಯುವವರಿಗೆ? ಆ ಬೋಳು ತಲೆ ನನ್ನ ಅಪ್ಪನದು. ಗೂಟವೂ ನಮ್ಮ ಪಡಸಾಲೆಯದೇ. ಅಪ್ಪ ಪುಸ್ತಕವನ್ನು ಮಣೂಕದ ಶೆಡ್ಡಿನಲ್ಲಿ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಾನೆ. ನಾನು ಹುಡುಗಿಯಾಗಿದ್ದಾಗ ನಿಜವಾಗಿಯೂ ಒಬ್ಬ ಪಂಜಾಬಿ ಡ್ರೈವರ್ ಲಾರಿ ಕೆಟ್ಟು ನಮ್ಮ ಮನೆಯಲ್ಲಿ ಮೂರು ದಿನ ಉಳಿದಿದ್ದರು. ಅವರ ನೆನಪಿನಿಂದ ಲಾರಿ, ಗಡ್ಡ, ಪಗಡಿ ತೆಗೆದುಕೊಂಡೆ. ಉಳಿದದ್ದಕ್ಕೆ ಅಪ್ಪ ಇದ್ದ.

ಪುಸ್ತಕ ಕನ್ನಡ, ಇಂಗ್ಲಿಷ್ ಎರಡೂ ಭಾಷೆಯಲ್ಲಿತ್ತು. ಹೇಗೋ ವುಲ್ವರ್‌ಹ್ಯಾಂಪ್ಟನ್ ಎಂಬ ಊರಿನ ಗ್ರಂಥಾಲಯಕ್ಕೆ ಹೋಗಿ ಸೇರಿತು. ಅಲ್ಲಿ ಸಿಖ್ಖರು ಬಹಳ. ಮಕ್ಕಳ ವಿಭಾಗ ನೋಡಿಕೊಳ್ಳುವ ಹೆಲೆನ್ ಎಂಬಾಕೆ ಪಗಡಿಯವರಿರುವ ಚಿತ್ರಪುಸ್ತಕಗಳನ್ನು ಹುಡುಕುತ್ತಿದ್ದಳಂತೆ. ಒಂದು ವಾರ ಬಂದು ಮಕ್ಕಳಿಗೆ ಓದಿ ಹೇಳುತ್ತೀರಾ ಎಂದು ಪತ್ರ ಬರೆದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಗಂಡ ಪತ್ರವನ್ನು ಎರಡು ಸಲ ಓದಿ, ಇದು ಮೋಸದವರದ್ದೇ ಎಂದು ತೀರ್ಪು ಕೊಟ್ಟರು. ಟಿಕೆಟ್ ಬಂದ ಮೇಲೂ ಅವರಿಗೆ ಅರ್ಧ ಸಂಶಯ ಉಳಿದೇ ಇತ್ತು.

ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣ

ತಿಕೋಟಾದ ಮಣೂಕ, ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ. ನನ್ನ ಚೀಲದಲ್ಲಿ ಬಟ್ಟೆಗಿಂತ ಇವೇ ಹೆಚ್ಚು. ನಿಲ್ದಾಣದ ಅಧಿಕಾರಿ ಚಟ್ನಿ ಪುಡಿಯ ಡಬ್ಬಿ ತೆರೆದು ಇದೇನು ಎಂದ. ನನ್ನ ಇಂಗ್ಲಿಷ್ ಅಲ್ಲಿಯವರೆಗೆ ಚೆನ್ನಾಗಿಯೇ ನಡೆದಿತ್ತು, ಅಲ್ಲಿಗೆ ನಿಂತಿತು. ಅವನು ಮೂಗು ಹತ್ತಿರ ತಂದು ಒಂದು ಸಲ ಎಳೆದ. ಮೂರು ಸೀನು ಸೀನಿ, ಕಣ್ಣೊರೆಸಿಕೊಂಡು, ಹೋಗಮ್ಮ ಎಂದು ಕೈ ಬೀಸಿದ. ಪಾಪ ಅನಿಸಿತು.

ಹೊರಗೆ ನನ್ನ ಹೆಸರಿನ ಹಲಗೆ ಹಿಡಿದು ಎತ್ತರದ ಒಬ್ಬ ಅಜ್ಜ ನಿಂತಿದ್ದರು. ಬಿಳಿ ಗಡ್ಡ, ತಿಳಿ ನೀಲಿ ಪಗಡಿ, ಇಸ್ತ್ರಿ ಮಾಡಿದ ಕೋಟು. ಹೆಸರು ಮೊಹಿಂದರ್ ಸಿಂಗ್. ಅವರ ಮೊಮ್ಮಗಳು ಹರ್ಲೀನ್ ಓದುವ ಶಾಲೆಯಲ್ಲಿ ಹೆಲೆನ್ ಎರಡು ತಿಂಗಳ ಹಿಂದೆಯೇ, ಭಾರತದಿಂದ ಬರುವ ಲೇಖಕಿಗೆ ಯಾರಾದರೂ ಕೋಣೆ ಕೊಡುತ್ತೀರಾ ಎಂದು ಕೇಳಿದ್ದಳಂತೆ. ಮೊದಲು ಕೈ ಎತ್ತಿದ್ದು ಇವರ ಮನೆಯವರು. ಮನೆಯಲ್ಲಿ ಎಲ್ಲರೂ ಅವರನ್ನು ಬಾಬಾಜಿ ಎನ್ನುತ್ತಾರೆ, ಐದು ನಿಮಿಷದಲ್ಲಿ ನಾನೂ ಅಂದೆ.

ನನ್ನ ಹಿಂದಿ ವಿಜಯಪುರದ ಬಾಜಾರದಲ್ಲಿ ಕಲಿತದ್ದು. ಅವರದು ಪಂಜಾಬಿ ಬೆರೆತದ್ದು. ಇಬ್ಬರೂ ಒಬ್ಬರ ಹಿಂದಿಗೆ ಇನ್ನೊಬ್ಬರು ನಕ್ಕೆವು. ಅವರ ಮಾತನ್ನೂ ಅಲ್ಲಿಯ ಉಳಿದವರ ಮಾತನ್ನೂ ಇಲ್ಲಿ ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತೇನೆ. ನನ್ನ ನೆನಪಿನಲ್ಲಿ ಅವರೆಲ್ಲ ಹಾಗೇ ಮಾತಾಡುತ್ತಾರೆ, ಅದಕ್ಕೆ ನಾನೇನು ಮಾಡಲಿ.

ವುಲ್ವರ್‌ಹ್ಯಾಂಪ್ಟನ್, ಮೊದಲ ಎರಡು ದಿನ

ಸಾಲು ಸಾಲು ಕೆಂಪು ಇಟ್ಟಿಗೆಯ ಮನೆಗಳು, ಎಲ್ಲಕ್ಕೂ ಒಂದೇ ಮುಖ. ಸಂಜೆ ವಾಕಿಂಗ್ ಹೋಗಿ ಬಂದು ಬೇರೆಯವರ ಬಾಗಿಲು ಬಡಿದೆ. ಅಲ್ಲಿಯ ಮುದುಕಿ ಬೈಯಲಿಲ್ಲ, ನನ್ನನ್ನೇ ಕ್ಷಮಿಸಿ ಎಂದು ಕೇಳಿಕೊಂಡು ಸರಿಯಾದ ಮನೆ ತೋರಿಸಿದಳು. ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಯೂ ಹೇಳಿ ಇಳಿಯುತ್ತಾರೆ. ನನಗದು ಬಹಳ ಹಿಡಿಸಿತು. ಊರಿಗೆ ಬಂದ ಮೇಲೆ ಬಬಲೇಶ್ವರದಲ್ಲಿ ಇಳಿಯುವಾಗ ಹೇಳಿ ನೋಡಿದೆ. ಡ್ರೈವರ್ ಗಾಬರಿಯಾಗಿ, “ಯಾಕ್ರಿ ಅಕ್ಕೋರ, ಆರಾಮ ಇದ್ದೀರಿಲ್ಲೋ?” ಎಂದ.

ಬಾಬಾಜಿಯ ಮಗನಿಗೆ ಗೋದಾಮಿನಲ್ಲಿ ಪಾಳಿ ಕೆಲಸ, ನೋಡಲು ಸಿಕ್ಕಿದ್ದೇ ಕಡಿಮೆ. ಸೊಸೆ ಮನ್‌ಪ್ರೀತ್ ನರ್ಸ್. ನಕ್ಕರೆ ಮನೆಯೆಲ್ಲ ಕೇಳುತ್ತದೆ. ಹರ್ಲೀನಳಿಗೆ ಐದು ವರ್ಷ, ಎರಡು ಜಡೆ, ನನ್ನನ್ನು ಕಂಡರೆ ಮಾತಿಲ್ಲ. ನಾನು ಸಹಿ ಮಾಡಿ ಕೊಟ್ಟ ಪುಸ್ತಕವನ್ನು ತೆಗೆದುಕೊಂಡು, ಬೋರಲು ಮಾಡಿ, ಸೋಫಾದ ದಿಂಬಿನ ಕೆಳಗಿಟ್ಟು, ಮೇಲೆ ತಾನೇ ಕುಳಿತಳು. ನಾಚಿಕೆ ಇರಬೇಕು ಅಂದುಕೊಂಡೆ.

ಮೊದಲ ಬೆಳಿಗ್ಗೆ ಒಂದು ಅವಾಂತರ ಮಾಡಿದೆ. ಚಹಾ ಕುಡಿಯಲು ಕೆಳಗಿಳಿದರೆ ಅಡುಗೆಮನೆಯ ಬಾಗಿಲಿನ ಹಿಡಿಕೆಗೆ ಉದ್ದನೆಯ ತಿಳಿ ನೀಲಿ ಬಟ್ಟೆಯ ತುದಿ ಕಟ್ಟಿತ್ತು, ಉಳಿದದ್ದು ಕುರ್ಚಿಯ ಮೇಲೆ ಹರಡಿತ್ತು. ಒಣಗಲಿಕ್ಕೆ ಹಾಕಿ ಮರೆತಿದ್ದಾರೆ, ಇಲ್ಲಿ ಬಿಸಿಲೆಲ್ಲಿದೆ ಪಾಪ, ಎಂದು ಬಿಚ್ಚಿದೆ. ತವರಿನಲ್ಲಿ ಅಪ್ಪ ತಲೆಗೆ ಸುತ್ತುವ ರುಮಾಲು ಮಡಚಿ ಮಡಚಿ ಕೈ ಪಳಗಿದೆ. ಅಂಚಿಗೆ ಅಂಚು ಕೂಡಿಸಿ ಚೊಕ್ಕ ಮಡಿಕೆ ಮಾಡಿ ಮೇಜಿನ ಮೇಲಿಟ್ಟೆ. ತಲೆಗೆ ಚಿಕ್ಕ ಬಟ್ಟೆ ಬಿಗಿದುಕೊಂಡು ಬಾಬಾಜಿ ಬಂದರು. ಮಡಿಕೆ ನೋಡಿದರು, ನನ್ನನ್ನು ನೋಡಿದರು. ಬಹಳ ಚೆಂದ ಮಡಚಿದಿ ಪುತ್ತರ್, ಅಂದರೆ ಮಗಳೇ, ಎಂದು ಹೊಗಳಿ, ಬಿಚ್ಚಿ, ಮತ್ತೆ ಹಿಡಿಕೆಗೇ ಕಟ್ಟತೊಡಗಿದರು. ಪಗಡಿ ಸುತ್ತುವ ಮೊದಲು ಅದನ್ನು ಆಚೆ ಈಚೆ ಎಳೆದು ನೀಟಾಗಿ ಮಡಿಕೆ ಹಾಕಬೇಕಂತೆ. ಒಂದು ತುದಿಯನ್ನು ಯಾರಾದರೂ ಹಿಡಿಯಬೇಕು. ಯಾರೂ ಇಲ್ಲದಿದ್ದರೆ ಬಾಗಿಲು. ಆಗ ಹರ್ಲೀನ್ ಅಲ್ಲೇ ಮೇಜಿಗೆ ಕುಳಿತು ಹಾಲು ಕುಡಿಯುತ್ತಿದ್ದಳು. ನೋಡಲಿಲ್ಲ.

ಎರಡು ದಿನವಾದರೂ ಯಾರೂ ನನ್ನ ಪುಸ್ತಕದ ಸುದ್ದಿ ಎತ್ತಲಿಲ್ಲ. ಪರಾಠಾ ಬಂತು, ಮಜ್ಜಿಗೆ ಬಂತು, ತಿಕೋಟಾದ ಮಳೆ ಬೆಳೆ ವಿಚಾರಿಸಿದರು, ಪುಸ್ತಕ ಮಾತ್ರ ಇಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಸಿಟ್ಟು ಬಂದಿತ್ತು. ಅಷ್ಟು ದೂರದಿಂದ ಬಂದಿದ್ದೇನೆ, ಇವರದೇ ಒಬ್ಬ ಕಾಕಾನನ್ನು ಬರೆದಿದ್ದೇನೆ, ಒಂದು ಚಲೋ ಐತಿ ಅನ್ನಲಿಕ್ಕೆ ಏನಾಗಿದೆ ಇವರಿಗೆ? ನಾನೇ ಎರಡು ಸಲ ಮಾತನ್ನು ಅತ್ತ ತಿರುಗಿಸಿದೆ. ಎರಡು ಸಲವೂ ಮನ್‌ಪ್ರೀತ್ ಇನ್ನೊಂದು ಪರಾಠಾ ಹಾಕಿದಳು.

ಕೆಂಪು ಅಂಚೆ ಡಬ್ಬಿ

ಮಧ್ಯಾಹ್ನ ಮೂರಕ್ಕೆ ಹರ್ಲೀನಳನ್ನು ಕರೆತರಲು ಬಾಬಾಜಿ ಹೊರಡುತ್ತಾರೆ. ಕೋಟು ಜಾಡಿಸಿ, ಗಡ್ಡ ಬಾಚಿ, ಮದುವೆಗೆ ಹೊರಟವರ ಹಾಗೆ. ನಾನೂ ಜೊತೆಗೆ ಹೋಗುತ್ತಿದ್ದೆ. ಶಾಲೆಯ ಗೇಟಿನ ಮುಂದೆ ಅಪ್ಪ ಅಮ್ಮಂದಿರು, ಅಜ್ಜಿಯರು ಕಿಕ್ಕಿರಿದು ನಿಂತಿರುತ್ತಾರೆ. ಬಾಬಾಜಿ ಮಾತ್ರ ರಸ್ತೆಯ ಈಚೆ, ಮೂಲೆಯ ಕೆಂಪು ಅಂಚೆ ಡಬ್ಬಿಯ ಹತ್ತಿರವೇ ನಿಂತುಬಿಡುತ್ತಿದ್ದರು. ನೆರೆಮನೆಯಾಕೆ ತನ್ನ ಮಗುವಿನ ಜೊತೆ ಹರ್ಲೀನಳನ್ನೂ ಕರೆತಂದು ಒಪ್ಪಿಸುತ್ತಿದ್ದಳು. ಇಲ್ಲೇ ಯಾಕೆ ಎಂದು ಕೇಳಿದೆ. ಇಲ್ಲಿ ಗಾಳಿ ಚಲೋ ಐತಿ ಅಂದರು. ಚಳಿಗೆ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಅಜ್ಜಂದಿರು ಗೇಟಿಗೆ ಹೋಗಬಾರದು ಎಂಬುದು ಇಂಗ್ಲಿಷರ ಪದ್ಧತಿ ಇರಬೇಕು ಎಂದು ಡೈರಿಯಲ್ಲಿ ಬರೆದೂ ಬಿಟ್ಟೆ.

ಮೂರನೆಯ ದಿನ ಅವರಿಗೆ ಮೊಣಕಾಲು ನೋವು. ನಾನೇ ನೆರೆಯಾಕೆಯ ಜೊತೆ ಗೇಟಿನವರೆಗೆ ಹೋದೆ. ಶನಿವಾರ ಗ್ರಂಥಾಲಯದಲ್ಲಿ ಕತೆ ಓದಲು ಬರುವ ಲೇಖಕಿ ಎಂದು ತರಗತಿಯಲ್ಲಿ ನನ್ನ ಫೋಟೋ ತೋರಿಸಿದ್ದರಂತೆ. ಮಕ್ಕಳು ಗುರುತು ಹಿಡಿದು ಮುತ್ತಿಕೊಂಡವು. ಆಡು, ಆಡು ಎಂದು ಕೂಗಿದವು. ನಾನು ಉಬ್ಬಿ ಹೋದೆ. ಅಷ್ಟರಲ್ಲಿ ಗುಂಗುರು ಕೂದಲಿನ ಒಂದು ಹುಡುಗಿ ಹರ್ಲೀನಳ ಕಡೆ ತಿರುಗಿ, ನಿಮ್ಮ ಅಜ್ಜ ಯಾಕೆ ಬಂದಿಲ್ಲ, ಅವರ ಟೋಪಿಯನ್ನು ಆಡು ತಿಂತಾ, ನಾಳೆಯಾದರೂ ಬಂದು ತೆಗೆದು ಬೋಳು ತೋರಿಸ್ತಾರಾ ಎಂದು ಕೇಳಿದಳು. ಕೆಟ್ಟತನದಿಂದಲ್ಲ, ನಗುತ್ತಲೇ, ಸಾರವಾಡದ ಮಗುವಿನ ಹಾಗೆ. ಉಳಿದವೂ ನಕ್ಕವು. ಹರ್ಲೀನ್ ತನ್ನ ಬೂಟು ನೋಡುತ್ತ ನಿಂತಳು.

ಅಂಚೆ ಡಬ್ಬಿ ದಾಟುವವರೆಗೂ ಅವಳು ಮುಂದೆ ಮುಂದೆ ನಡೆದಳು. ಆಮೇಲೆ ನಿಂತು, ತಲೆಯೆತ್ತಿ, ನಾನು ಬಂದಾಗಿನಿಂದ ಮೊದಲ ಸಲ ನನ್ನ ಜೊತೆ ಮಾತಾಡಿದಳು.

“ಆ ಕಾಕಾನ ಕೂದ್ಲಾ ಎಲ್ಲಿ ಇಟ್ಟೀರಿ?”

ಕೂದಲು? ಯಾವ ಕೂದಲು?

ಅಡುಗೆಮನೆ

ಸಂಜೆ ರೊಟ್ಟಿ ಲಟ್ಟಿಸುತ್ತಿದ್ದ ಮನ್‌ಪ್ರೀತ್‌ಳನ್ನು ಹಿಡಿದು ಕೇಳಿದೆ. ಅವಳು ಬಹಳ ಹೊತ್ತು ಹಿಟ್ಟನ್ನೇ ನಾದಿದಳು. ಅತಿಥಿಗೆ ಹೇಗೆ ಹೇಳುವುದು ಎಂದು ಬಾಬಾಜಿಯೇ ಬೇಡ ಅಂದಿದ್ದರಂತೆ. ನಾನು ಬಿಡಲಿಲ್ಲ.

ಎರಡು ವಾರದ ಹಿಂದೆ ಹೆಲೆನ್ ತಯಾರಿಗೆಂದು ನನ್ನ ಪುಸ್ತಕವನ್ನು ಹರ್ಲೀನಳ ತರಗತಿಯಲ್ಲಿ ಓದಿದ್ದಳು. ಮರುದಿನ ಬಾಬಾಜಿ ಗೇಟಿಗೆ ಹೋದಾಗ ಮಕ್ಕಳು ಸುತ್ತ ಕುಣಿದು, ಪಗಡಿ ತೆಗೆಯಿರಿ, ಬೋಳು ತಲೆ ನೋಡಬೇಕು ಎಂದು ಕೂಗಿದವು. ಒಬ್ಬ ಜಿಗಿದು ತುದಿ ಎಳೆಯಲೂ ಹೋದ. ಅವತ್ತು ಮನೆಗೆ ಬರುವ ದಾರಿಯಲ್ಲೇ ಹರ್ಲೀನ್, ನಾಳೆಯಿಂದ ಗೇಟಿಗೆ ಬರಬೇಡಿ, ಅಂಚೆ ಡಬ್ಬಿಯ ಹತ್ತಿರ ನಿಲ್ಲಿ ಎಂದಳು. ಬಾಬಾಜಿ ಆಯಿತು ಎಂದರು. ಅಜ್ಜಿ ತೀರಿಕೊಂಡ ಮೇಲೆ ದಿನಾ ಬೆಳಿಗ್ಗೆ ಪಗಡಿಯ ತುದಿ ಹಿಡಿಯುತ್ತಿದ್ದವಳು ಹರ್ಲೀನೇ. ಅದನ್ನೂ ಬಿಟ್ಟಳು.

ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ವಾದ. ಮಕ್ಕಳ ಪುಸ್ತಕವಲ್ಲವೇ, ಒಂದು ನಗೆಗೆ ಇಷ್ಟೆಲ್ಲ ಯಾಕೆ, ನಮ್ಮೂರಲ್ಲಿ ಎಲ್ಲರೂ ನಕ್ಕರಲ್ಲ, ಅದು ನನ್ನ ಅಪ್ಪನದೇ ತಲೆ, ಅವನೇ ಬೇಸರಪಟ್ಟಿಲ್ಲ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಮನ್‌ಪ್ರೀತ್ ಲಟ್ಟಣಿಗೆ ಕೆಳಗಿಟ್ಟಳು.

“ಬ್ಯಾರೆ ಪುಸ್ತಕದಾಗ ಪಗಡಿ ಇದ್ದವರು ಬಂದ್ರಂದ್ರ ಪಗಡಿ ಅಂದ್ರ ಏನು ಅಂತ ಪಾಠಾ ಹೇಳಾಕs ಬಂದಿರತಾರ. ನಿಮ್ಮ ಕಾಕಾ ಆಡಿನ ಬೆನ್ನ ಹತ್ತಿ ಓಡಿದ್ದ, ಚಾ ಕುಡದಿದ್ದ, ಅಷ್ಟs. ಮೊದಲ ಹಾಳಿ ನೋಡಿ ನಮ್ಮ ಹುಡುಗಿ ಎಲ್ಲಾರಿಗೂ ‘ಇವರು ನಮ್ಮ ಬಾಬಾಜಿ’ ಅಂತ ತೋರಿಸ್ಯಾಳ. ಕಡೀ ಹಾಳಿ ಬರೂತನಕಾ ಎಷ್ಟ ಖುಷಿಲೆ ಕುಂತಿದ್ಲು ಗೊತ್ತೇನ್ರಿ?”

ನನ್ನ ವಾದವೆಲ್ಲ ಅಲ್ಲಿಗೆ ಮುಗಿಯಿತು. ಸಿಖ್ಖರು ಕೂದಲು ಕತ್ತರಿಸುವುದಿಲ್ಲ, ಪಗಡಿಯ ಒಳಗೆ ಹುಟ್ಟಿದಾಗಿನಿಂದ ಬೆಳೆದ ಕೂದಲು ಇರುತ್ತದೆ, ಪಗಡಿ ಎಂದರೆ ಮಾನ, ನಾಲ್ಕು ಜನರ ಮುಂದೆ ತೆಗೆದು ಗೂಟಕ್ಕೆ ಹಾಕುವಂಥದ್ದಲ್ಲ ಎಂದು ಅವಳು ಮೆಲ್ಲಗೆ ಹೇಳಿದಳು. ಇದು ನನಗೆ ಗೊತ್ತೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಲ್ಲೋ ಕೇಳಿದ್ದೆ. ಬೀದರಿನ ಗುರುದ್ವಾರಕ್ಕೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿಯೂ ಬಂದಿದ್ದೆ. ಆದರೆ ಚಿತ್ರ ಬರೆಯುವಾಗ ನನ್ನ ಕೈ ನೇರವಾಗಿ ಅಪ್ಪನ ತಲೆಗೇ ಹೋಯಿತು. ನಮ್ಮಲ್ಲಿ ರುಮಾಲು ಅಂದರೆ ಬಿಸಿಲಿಗೆ ಕೊಡೆ, ಮಲಗಿದರೆ ದಿಂಬು, ಸಂತೆಯಲ್ಲಿ ಚೀಲ. ಮನೆಗೆ ಬಂದವರಿಗೆ ನೀರು ಕೊಟ್ಟು ಮೊದಲು ಹೇಳುವ ಮಾತೇ ರುಮಾಲ ತಗೀರಿ, ತಲಿಗೆ ಗಾಳಿ ಆಡ್ಲಿ ಎಂದು. ತೆಗೆದಿಟ್ಟವರು ನಮ್ಮವರಾದರು ಎಂದು ನಮ್ಮ ಲೆಕ್ಕ. ನಾನು ಆ ಕಾಕಾನನ್ನು ನಮ್ಮವನನ್ನಾಗಿ ಮಾಡಿಕೊಳ್ಳಲು ಹೋಗಿದ್ದೆ.

ಕಳ್ಳಕವಟಗಿಯಿಂದ ಬರುವ ನನ್ನ ಒಬ್ಬ ವಿದ್ಯಾರ್ಥಿನಿಗೆ, ಎತ್ತಿನ ಕೋಡನ್ನು ನೋಡದೆ ಬರೆದಳೆಂದು ಮೂರು ಸಲ ಅಳಿಸಿ ಬರೆಸಿದ್ದೇನೆ. ನೋಡದೆ ಗೆರೆ ಎಳೆಯಬಾರದು ಎಂದು ಅವಳಿಗೆ ಬೈದಿದ್ದೇನೆ. ಮನುಷ್ಯರ ತಲೆ ಬರೆಯುವಾಗ ಒಬ್ಬರನ್ನೂ ಕೇಳಲಿಲ್ಲ. ಆ ಹುಡುಗಿಯ ಮುಖ ಕಣ್ಣ ಮುಂದೆ ಬಂದು ನನಗೆ ಅಳು ಬಂತು. ಮನ್‌ಪ್ರೀತ್‌ಳೂ ಅತ್ತಳು. ತವೆಯ ಮೇಲಿನ ರೊಟ್ಟಿ ಹೊತ್ತಿ ಹೋಯಿತು.

ಬಾಗಿಲಿನ ಹಿಡಿಕೆ

ಮರುದಿನ ಬೆಳಿಗ್ಗೆ ಬಾಬಾಜಿ ಹಿಡಿಕೆಗೆ ಬಟ್ಟೆ ಕಟ್ಟುವಾಗ ಹೋಗಿ ತಪ್ಪಾಯಿತು ಎಂದೆ. ಅವರು ಕುರ್ಚಿ ಎಳೆದು ಕೂರಿಸಿದರು. ಮೂವತ್ತು ವರ್ಷ ಇದೇ ಊರಿನಲ್ಲಿ ಬಸ್ಸು ಓಡಿಸಿದವರು ಅವರು. ಅವರಿಗಿಂತ ಹಿಂದಿನವರಿಗೆ ಪಗಡಿ ಕಟ್ಟಿಕೊಂಡು ಬಸ್ಸು ಓಡಿಸಲು ಬಿಡುತ್ತಿರಲಿಲ್ಲವಂತೆ. ಹಿರಿಯರು ಹಟ ಹಿಡಿದು ಹೋರಾಡಿ ಆ ನಿಯಮ ತೆಗೆಸಿದ್ದರು. ಆಮೇಲೆ ಇವರು ಮಳೆಯಲ್ಲಿ, ಹಿಮದಲ್ಲಿ ಪಗಡಿ ಕಟ್ಟಿಕೊಂಡೇ ಊರಿನ ಮೂಲೆ ಮೂಲೆಗೆ ಜನರನ್ನು ಮುಟ್ಟಿಸಿದ್ದಾರೆ. ಇಳಿಯುವವರೆಲ್ಲ ಇವರಿಗೂ ಥ್ಯಾಂಕ್ಯೂ ಹೇಳಿದ್ದಾರೆ. ಅಂಥವರನ್ನು ನನ್ನ ತಿಕೋಟಾದ ಆಡು ಅಂಚೆ ಡಬ್ಬಿಯ ಹಿಂದೆ ನಿಲ್ಲಿಸಿತು. ಕೇಳುತ್ತ ಕೂತ ನನಗೆ ನೆಲ ಬಿರಿದರೆ ಸಾಕು ಅನಿಸಿತು.

“ಮಂದಿ ಏನರ ಅನ್ಲಿ ಪುತ್ತರ್, ನಾ ಭಾಳ ಕೇಳೇನಿ,” ಎಂದರು. “ಆದ್ರ ಆಕಿ ನನ್ನ ನೋಡಿ ನಾಚಿಕೊಂಡಾಳ. ಅದೊಂದ ತಡ್ಕೊಳ್ಳಾಕ ಆಗೂದಿಲ್ಲ.”

ಇವತ್ತು ತುದಿಯನ್ನು ನಾನು ಹಿಡಿಯಲೇ ಎಂದು ಕೇಳಿದೆ. ಅವರು ನಕ್ಕು ತಲೆಯಾಡಿಸಿದರು. ಅದು ಹರ್ಲೀನಳ ಜಾಗ, ಅವಳು ಬರುವವರೆಗೆ ಬಾಗಿಲು ಸಾಕು ಅಂದರು. ಹರ್ಲೀನ್ ಹಾಲು ಮುಗಿಸಿ ಚೀಲ ಹುಡುಕುತ್ತಿದ್ದಳು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಶನಿವಾರಕ್ಕೆ ಎರಡೇ ದಿನ. ಊರಿಗೆ ಫೋನು ಹಚ್ಚಿ ಗಂಡನಿಗೆ ಹೇಳಿದೆ. ಆ ಪುಟ ಬಿಟ್ಟು ಓದಿ ಬಂದುಬಿಡು, ಯಾರಿಗೆ ಗೊತ್ತಾಗುತ್ತದೆ ಎಂದರು. ಅವರದು ಬ್ಯಾಂಕಿನ ಬುದ್ಧಿ, ಕೆಟ್ಟದ್ದಲ್ಲ. ಆದರೆ ಪುಟ ಬಿಟ್ಟು ಓದಿದರೆ ಬಾಬಾಜಿ ಅಂಚೆ ಡಬ್ಬಿಯ ಹತ್ತಿರವೇ ಉಳಿಯುತ್ತಾರಲ್ಲ. ಮಕ್ಕಳು ಆ ಪುಟವನ್ನು ಆಗಲೇ ನೋಡಿಯಾಗಿದೆ.

ದೊಡ್ಡ ಹಾಳೆ ತಂದು ಸೋಫಾದ ಮೇಲೆ ಕೂತು ಹೊಸ ಕೊನೆಯ ಪುಟ ಬರೆಯತೊಡಗಿದೆ. ಈ ಸಲ ನೋಡಿ ಬರೆದೆ, ಕೇಳಿ ಬರೆದೆ. ಮಡಿಕೆ ಎಷ್ಟು, ಗಂಟು ಎಲ್ಲಿ, ಬೆರಳು ಹೇಗೆ ಎಂದು ಬಾಬಾಜಿಯ ಪ್ರಾಣ ತಿಂದೆ. ತಲೆಗೆ ಚಿಕ್ಕ ಬಟ್ಟೆ ಬಿಗಿದುಕೊಂಡು ಲಾರಿಯ ಪಕ್ಕ ನಿಂತ ಕಾಕಾ, ಕೈಯಲ್ಲಿ ಪಗಡಿಯ ಒಂದು ತುದಿ. ಬಟ್ಟೆ ಪುಟವೆಲ್ಲ ದಾಟಿ ಆಚೆಯ ಅಂಚಿಗೆ ಹೋಗುತ್ತದೆ. ಆ ತುದಿಯನ್ನು ಯಾರ ಕೈಗೆ ಕೊಡುವುದು? ಬಾಗಿಲು ಬರೆಯಲು ಮನಸ್ಸು ಬರಲಿಲ್ಲ. ಹರ್ಲೀನಳನ್ನು ಬರೆಯಲು ಅವಳ ಒಪ್ಪಿಗೆ ಇರಲಿಲ್ಲ. ಒಂದು ಸಲ ಕಲಿತ ಬುದ್ಧಿ ಸಾಕಾಗಿತ್ತು. ಖಾಲಿ ಬಿಟ್ಟೆ.

ಗ್ರಂಥಾಲಯ

ನಲವತ್ತು ಮಕ್ಕಳು ನೆಲದ ಮೇಲೆ, ಅಪ್ಪ ಅಮ್ಮಂದಿರು ಹಿಂದೆ. ಬಾಬಾಜಿ ಬರಲೊಲ್ಲೆ ಎಂದಿದ್ದರು. ನಾನೂ ಮನ್‌ಪ್ರೀತ್‌ಳೂ ಕಾಡಿ ಬೇಡಿ ಕರೆತಂದು ಕೊನೆಯ ಸಾಲಿನಲ್ಲಿ ಕೂರಿಸಿದ್ದೆವು. ಕೈಯಲ್ಲಿ ಒಂದು ಹಸಿರು ಪಗಡಿಯ ಬಟ್ಟೆ, ನಾನೇ ಕೇಳಿ ತರಿಸಿದ್ದು. ಹರ್ಲೀನ್ ಅವರಿಂದ ದೂರ, ಮುಂದಿನ ಸಾಲಿನಲ್ಲಿ.

ಕತೆ ಓದಿದೆ. ಆಡು ಬಂತು, ಮಕ್ಕಳು ನಕ್ಕವು. ಕೊನೆಯ ಪುಟ ಬಂದಾಗ ಪುಸ್ತಕವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಈ ಚಿತ್ರ ತಪ್ಪು ಎಂದೆ. ನಗು ನಿಂತಿತು. ಇದು ಕಾಕಾನ ತಲೆಯಲ್ಲ, ನನ್ನ ಅಪ್ಪನ ತಲೆ. ಕಾಕಾನಿಗೆ ಉದ್ದ ಕೂದಲಿದೆ, ನಾನು ಕೇಳದೇ ಬರೆದೆ. ಅವರು ಪಗಡಿಯನ್ನು ಗೂಟಕ್ಕೆ ಹಾಕುವುದಿಲ್ಲ, ಆಡಿಗೆ ಕೊಡುವುದೂ ಇಲ್ಲ. ನಾನು ಟೀಚರ್, ಆದರೂ ತಪ್ಪು ಮಾಡಿದೆ. ನನ್ನ ಹರಕು ಇಂಗ್ಲಿಷಿನಲ್ಲಿ ಇಷ್ಟು ಹೇಳುವಷ್ಟರಲ್ಲಿ ಬೆವರಿದೆ. ಹೆಲೆನ್ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ.

ಹೊಸ ಹಾಳೆ ತೋರಿಸಿದೆ. ಈ ತುದಿಯನ್ನು ಯಾರು ಹಿಡಿಯಬೇಕು ಎಂದು ಕೇಳಿದೆ. ಆಡು ಎಂದು ನಾಲ್ಕೈದು ಮಕ್ಕಳು ಕೂಗಿದವು. ಆಡು ತಿಂದುಬಿಡುತ್ತದಲ್ಲ ಎಂದೆ. ಬಾಬಾಜಿಯನ್ನು ಕರೆದೆ. ಅವರು ಎದ್ದು ಬಂದು, ಹಸಿರು ಬಟ್ಟೆ ಬಿಚ್ಚಿ, ಒಂದು ತುದಿ ಹಿಡಿದು ನಿಂತರು. ಉಳಿದದ್ದು ನೆಲದ ಮೇಲೆ ಮಕ್ಕಳ ಕಾಲ ಬಳಿ ಹರಿದಾಡಿತು. ಇಷ್ಟುದ್ದವೇ ಎಂದು ಮಕ್ಕಳು ಬೆರಗಾದವು. ಮೊನ್ನೆ ಗೇಟಿನಲ್ಲಿ ಕೇಳಿದ್ದ ಗುಂಗುರು ಕೂದಲಿನ ಹುಡುಗಿ ಎದ್ದು, ನಾನು ಹಿಡಿಯಲಾ ಎಂದು ತುದಿಗೆ ಕೈ ಹಾಕಿದಳು.

ಹರ್ಲೀನ್ ಎದ್ದಳು. ಇಬ್ಬರನ್ನು ದಾಟಿ ಬಂದು ಆ ಹುಡುಗಿಯ ಕೈಯಿಂದ ತುದಿ ತೆಗೆದುಕೊಂಡಳು.

“ಅದು ನಂದ ಕೆಲಸ,” ಅಂದಳು.

ಎರಡೂ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಹಿಂದೆ ಹಿಂದೆ ನಡೆದು, ಕಾಲು ಊರಿ ನಿಂತಳು. ಬಾಬಾಜಿ ಆಚೆಯಿಂದ ಎಳೆದರು, ಅವಳು ಈಚೆಯಿಂದ. ಬಟ್ಟೆ ಸೆಟೆದು ನಿಂತಿತು. ಮಡಿಕೆ ಒಂದು, ಮಡಿಕೆ ಎರಡು. ಎಷ್ಟು ಸಲ ಮಾಡಿದ್ದಳೋ, ಒಮ್ಮೆಯೂ ತಪ್ಪಲಿಲ್ಲ. ಇನ್ನೊಂದು ಮಗು, ಈಗ ತಲೆಯ ಮೇಲಿನದನ್ನು ಬಿಚ್ಚಿ ಇದನ್ನು ಕಟ್ಟುತ್ತಾರಾ ಎಂದು ಕೇಳಿತು. ಹರ್ಲೀನ್ ತಿರುಗಿ, ಇಲ್ಲ, ಅದು ಮನೆಯಲ್ಲಿ ಮಾತ್ರ, ಎಂದು ಟೀಚರಂತೆ ಹೇಳಿದಳು. ಬಾಬಾಜಿ ಮಡಿಕೆಯ ಮೇಲೆ ಮುಖ ಬಗ್ಗಿಸಿಕೊಂಡೇ ಇದ್ದರು. ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಹೆಲೆನ್ ಮರುದಿನ ಒಂದು ಕೇಕು ಹಿಡಿದು ಮನೆಗೇ ಬಂದಳು. ಆ ದೇಶದಲ್ಲಿ ತಪ್ಪಾಯಿತು ಅನ್ನುವುದಕ್ಕೂ ಕೇಕು, ಸಂತೋಷವಾಯಿತು ಅನ್ನುವುದಕ್ಕೂ ಕೇಕು. ಬಾಬಾಜಿ ಎರಡು ತುಂಡು ತಿಂದರು.

ಶಾಲೆಯ ಗೇಟು

ಸೋಮವಾರ ನನ್ನ ಕೊನೆಯ ದಿನ. ಮೂರಕ್ಕೆ ಬಾಬಾಜಿಯ ಜೊತೆ ಹೊರಟೆ. ಅಂಚೆ ಡಬ್ಬಿ ಬಂದೊಡನೆ ಅವರ ಕಾಲು ತಾನಾಗಿಯೇ ನಿಂತಿತು. ಹೋಗೋಣ ನಡೆಯಿರಿ ಎಂದೆ. ಅವಳು ಹೇಳಲಿ ಅಂದರು. ಗಂಟೆ ಹೊಡೆಯಿತು, ಮಕ್ಕಳು ಹೊರಗೆ ಬಂದವು. ನೆರೆಯಾಕೆ ಎಂದಿನಂತೆ ಹರ್ಲೀನಳ ಕೈ ಹಿಡಿಯಲು ಹೋದಳು. ಹರ್ಲೀನ್ ಕೈ ಕೊಡಲಿಲ್ಲ. ಗೇಟಿನ ಸರಳು ಹಿಡಿದು ನಿಂತು, ರಸ್ತೆಯ ಈಚೆ ನಮ್ಮನ್ನು ನೋಡಿ, ಊರಿಗೆಲ್ಲ ಕೇಳುವಂತೆ ಕೂಗಿದಳು.

“ಬಾಬಾಜಿ, ಅಲ್ಲ್ಯಾಕ ನಿಂತೀರಿ? ಇಲ್ಲಿ ಬರ್ರಿ!”

ಬಾಬಾಜಿ ಕೋಟಿನ ಗುಂಡಿ ಸರಿ ಮಾಡಿಕೊಂಡರು. ಆಚೆ ನೋಡಿ, ಈಚೆ ನೋಡಿ, ಬಸ್ಸು ಓಡಿಸಿದವರ ಶಿಸ್ತಿನಲ್ಲಿ ರಸ್ತೆ ದಾಟಿದರು. ಮೊಣಕಾಲು ನೋವು ಅವತ್ತು ಎಲ್ಲಿ ಹೋಗಿತ್ತೋ. ನಾನು ಅಂಚೆ ಡಬ್ಬಿಯ ಹತ್ತಿರವೇ ನಿಂತೆ. ನೋಡಲು ಅಲ್ಲಿಂದಲೇ ಚೆನ್ನಾಗಿತ್ತು.

ತಿಕೋಟಾ

ಊರಿಗೆ ಬಂದ ಭಾನುವಾರ ತವರಿಗೆ ಹೋದೆ. ಅಪ್ಪ ಊಟ ಮುಗಿಸಿ ಪಡಸಾಲೆಯಲ್ಲಿ ಬರಿತಲೆಯಲ್ಲಿ ಕೂತಿದ್ದ. ರುಮಾಲು ಗೂಟದ ಮೇಲಿತ್ತು. ಹೊಸ ಪುಟ ತೋರಿಸಿದೆ. ಈಗ ಆಚೆಯ ತುದಿಯಲ್ಲಿ ಎರಡು ಜಡೆಯ ಹುಡುಗಿ ಇದ್ದಾಳೆ, ಕಾಲು ಊರಿ ನಿಂತಿದ್ದಾಳೆ, ಅವಳನ್ನೇ ಕೇಳಿ ಬರೆದದ್ದು. ಇನ್ನು ಮುಂದೆ ಅಚ್ಚಾಗುವ ಪುಸ್ತಕದಲ್ಲಿ ನಿನ್ನ ತಲೆ ಇರುವುದಿಲ್ಲಪ್ಪಾ ಎಂದು ಹೆದರುತ್ತಲೇ ಹೇಳಿದೆ. ನಡೆದದ್ದನ್ನೆಲ್ಲ ಹೇಳಿದೆ.

ಅಪ್ಪ ಗೂಟದ ಮೇಲಿನ ರುಮಾಲಿನ ಕಡೆ ನೋಡಿದ.

“ಆ ಲಾರಿ ಡ್ರೈವರಗ ಮೂರ ದಿನಾ ನಾನs ಗಂಟ ಬಿದ್ದಿದ್ದೆ,” ಎಂದ. “ರುಮಾಲ ತಗಿಯಪಾ, ಆರಾಮ ಕುಂಡ್ರು, ನಮ್ಮ ಮನ್ಯಾಗ ಎಂಥಾ ಸಂಕೋಚ ಅಂತ. ಊಟಕ್ಕ ಕುಂತಾಗೂ ಅಂದೆ, ಮಲಗೂ ಮುಂದೂ ಅಂದೆ. ಆತ ಪಾಪ ನಕ್ಕೋತ ಕೈ ಮುಗದಾ. ಒಂದ ಸಲಾನೂ ಬ್ಯಾಡ್ರಿ ಅನಲಿಲ್ಲ. ನನಗ ತಿಳೀಲೇ ಇಲ್ಲಲ್ಲ ಯವ್ವಾ.”

ಆ ಬಾಬಾಜಿಯ ಫೋನ್ ನಂಬರ್ ಇದೆಯೇ ಎಂದು ಕೇಳಿದ. ಮುಖ ಕಾಣುವ ಹಾಗೆ ಹಚ್ಚು ಅಂದ. ನಾನು ಮೊಬೈಲು ತೆಗೆಯುವಷ್ಟರಲ್ಲಿ ಎದ್ದು ಗೂಟದಿಂದ ರುಮಾಲು ಇಳಿಸಿಕೊಂಡ. ಯಾವಾಗಲೂ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಒಬ್ಬನೇ ಸುತ್ತಿಕೊಳ್ಳುವವನು, ಅವತ್ತು ಅದನ್ನು ಉದ್ದಕ್ಕೆ ಬಿಚ್ಚಿ ಜಾಡಿಸಿದ. ಒಂದು ತುದಿ ತಾನು ಇಟ್ಟುಕೊಂಡು ಇನ್ನೊಂದನ್ನು ನನ್ನ ಕಡೆ ಚಾಚಿದ.

“ಹಿಡಿ ಯವ್ವಾ,” ಎಂದ. “ಬಿಗಿ ಹಿಡಿ.”

ಮೊಬೈಲು ಕೆಳಗಿಟ್ಟು ಎರಡೂ ಕೈಯಲ್ಲಿ ಹಿಡಿದೆ.